ಇಲ್ಲದ ಹುಳವನ್ನು ನೋಡಲು ಹೋದ ಖರ್ಚು

ಶಿವಾಜಿನಗರ, ಹೊರಡುವ ಮುಂಚೆ

ಎರಡು ಲಕ್ಷದ ಹತ್ತು ಸಾವಿರ ಆಯಿತು. ಇಬ್ಬರ ವಿಮಾನ, ವೀಸಾ, ಹಡಗು, ಬಾಡಿಗೆ ಜೀಪು, ಊಟ, ಎಲ್ಲಾ ಸೇರಿ. ಯಾತಕ್ಕೆ ಅಂತ ಕೇಳಿದರೆ ಹೇಳುವುದಕ್ಕೆ ನಾಚಿಕೆಯಾಗುತ್ತದೆ. ಒಂದು ದ್ವೀಪದಲ್ಲಿ ಒಂದು ಹುಳ ಇಲ್ಲ ಅಂತ ನೋಡಿಕೊಂಡು ಬರುವುದಕ್ಕೆ. ಇರುವುದನ್ನು ನೋಡಲು ಜನ ದುಡ್ಡು ಖರ್ಚು ಮಾಡುತ್ತಾರೆ, ಅದು ಅರ್ಥವಾಗುತ್ತದೆ. ಇಲ್ಲದ್ದನ್ನು ನೋಡಲು ಸಮುದ್ರ ದಾಟಿದೆ ಅಂತ ನಮ್ಮ ಬೀದಿಯಲ್ಲಿ ಗೊತ್ತಾದರೆ ನಾಳೆಯಿಂದ ನನಗೆ ಯಾರೂ ಕಡ ಮಾಲು ಕೊಡುವುದಿಲ್ಲ.

ನನ್ನದು ಶಿವಾಜಿನಗರದಲ್ಲಿ ಸೊಳ್ಳೆ ಪರದೆ ಅಂಗಡಿ. ಮದುವೆಯಾಗಿ ಪುಲಿಕೇಶಿನಗರಕ್ಕೆ, ಅಂದರೆ ಫ್ರೇಜರ್ ಟೌನಿಗೆ, ಬಂದಾಗ ಮನೆಯಲ್ಲಿ ಒಂದು ಹೊಲಿಗೆ ಯಂತ್ರ ಇತ್ತು, ಅಷ್ಟೆ. ಅಂಗಡಿ ಆಮೇಲೆ ನಾನೇ ಮಾಡಿಕೊಂಡದ್ದು. ಹುಳುಹುಪ್ಪಟೆ ಮನುಷ್ಯರ ಹತ್ತಿರ ಬರದ ಹಾಗೆ ನೋಡಿಕೊಳ್ಳುವುದು ನನ್ನ ಕಸುಬು. ಅದೇ ದುಡ್ಡಿನಲ್ಲಿ ಓದಿದ ನನ್ನ ಮಗಳು ಸಬೀಹಾ ಹುಳಗಳನ್ನು ಹುಡುಕಿಕೊಂಡು ಹೋಗಿ ಬಲೆ ಹಾಕುವುದನ್ನು ಕಸುಬು ಮಾಡಿಕೊಂಡಳು. ಹೊಳೆ, ಝರಿಗಳಲ್ಲಿ ಕಲ್ಲಿಗೆ ಅಂಟಿಕೊಂಡು ಬದುಕುವ ಹುಳಗಳ ಮೇಲೆ ಪಿಎಚ್‌.ಡಿ.

ಅವಳು ಊಟದ ಮೇಜಿನ ಮೇಲೆ ನಕ್ಷೆ ಹರಡಿ ಹೇಳಿದ್ದು ಇಷ್ಟು. ಇಂಡೋನೇಷ್ಯಾದಲ್ಲಿ ಬಾಲಿ ಅಂತ ಒಂದು ದ್ವೀಪ, ಅದರ ಪಕ್ಕ ಲೊಂಬೊಕ್ ಅಂತ ಇನ್ನೊಂದು. ಒಂದರ ದಡದಲ್ಲಿ ನಿಂತರೆ ಇನ್ನೊಂದರ ಬೆಟ್ಟ ಕಾಣುತ್ತದೆ. ಆದರೆ ಏಷ್ಯಾದ ಎಷ್ಟೋ ಪ್ರಾಣಿಗಳು ಬಾಲಿಗೇ ಮುಗಿದುಹೋಗುತ್ತವೆ. ಲೊಂಬೊಕ್‌ನಿಂದ ಆಚೆಗೆ ಬೇರೆ ಸೀಮೆ ಶುರು. ಹಿಂದೆ ಒಬ್ಬ ಇಂಗ್ಲಿಷಿನವನು ಹಕ್ಕಿ, ಮೃಗಗಳನ್ನು ನೋಡಿ ನಡುವಿನ ಸಮುದ್ರದಲ್ಲಿ ಒಂದು ಗೆರೆ ಎಳೆದ. ಆ ಗೆರೆ ಹೊಳೆಯ ಹುಳಗಳಿಗೂ ಸಲ್ಲುತ್ತದೆಯಾ ಅಂತ ನೋಡುವುದು ನಮ್ಮ ಮಗಳ ಕೆಲಸ. ಅವಳ ಮುಖ್ಯ ಸಾಕ್ಷಿ ಒಂದು ಚಪ್ಪಟೆ ಹುಳ. ಅದರ ಲ್ಯಾಟಿನ್ ಹೆಸರು ನನ್ನ ಬಾಯಲ್ಲಿ ತಿರುಗುವುದಿಲ್ಲ. ಚಪಾತಿ ಲಟ್ಟಿಸಿದ ಹಾಗೆ ಇರುತ್ತದೆ, ಆದ್ದರಿಂದ ನಾನು ಚಪಾತಿ ಹುಳ ಅಂತಲೇ ಕರೆಯುತ್ತೇನೆ. ಅದು ಬಾಲಿಯ ಹೊಳೆಗಳಲ್ಲಿ ಅವಳಿಗೆ ಸಿಕ್ಕಿತ್ತು, ಲೊಂಬೊಕ್‌ನಲ್ಲಿ ಸಿಕ್ಕಿರಲಿಲ್ಲ. ಥೀಸಿಸ್ ನಿಂತದ್ದೇ ಅದರ ಮೇಲೆ.

ಅವಳ ಕಮಿಟಿಯಲ್ಲಿದ್ದ ಒಬ್ಬ ಮೇಡಂ ಕೇಳಿಬಿಟ್ಟರು: "ಲೊಂಬೊಕ್‌ನಲ್ಲಿ ನೀನು ಕೆಳಗಿನ ಹೊಳೆಗಳನ್ನಷ್ಟೇ ನೋಡಿದ್ದೀಯ. ಮೇಲಿನ ತಣ್ಣನೆ ಝರಿಗಳಿಗೆ ಹೋಗದೆ ಇಲ್ಲ ಅಂತ ಹೇಗೆ ಹೇಳ್ತೀಯ?" ನ್ಯಾಯವಾದ ಪ್ರಶ್ನೆ. ಆದರೆ ಪ್ರಾಜೆಕ್ಟಿನ ದುಡ್ಡು ಅಷ್ಟರಲ್ಲಿ ಮುಗಿದಿತ್ತು. ಅವಳ ಗೈಡ್ ಸರ್ "ಏನಾದ್ರೂ ಮ್ಯಾನೇಜ್ ಮಾಡಮ್ಮ" ಅಂದರಂತೆ. ದೊಡ್ಡವರು ಮ್ಯಾನೇಜ್ ಮಾಡು ಅಂದರೆ ಮನೆಯವರ ಹತ್ತಿರ ಕೇಳು ಅಂತ ಅರ್ಥ. ಜೊತೆಗಿದ್ದ ಸಹಾಯಕನಿಗೆ ಬೇರೆ ಕೆಲಸ ಸಿಕ್ಕಿ ಹೋಗಿದ್ದ. ಒಬ್ಬಳೇ ಹೊಳೆಗಿಳಿಯುವಂತಿಲ್ಲ ಅಂತ ಅವಳ ಸಂಸ್ಥೆಯ ನಿಯಮ.

"ಅಮ್ಮೀ, ಯಾರನ್ನಾದ್ರೂ ಕರ್ಕೊಂಡು ಹೋಗ್ಲೇಬೇಕು" ಅಂದಳು.

"ನಾನೇ ಬರ್ತೀನಿ" ಅಂದೆ. "ನನ್ನ ದುಡ್ಡು ಯಾವ ನೀರಲ್ಲಿ ಮುಳುಗುತ್ತೆ ಅಂತ ಕಣ್ಣಾರೆ ನೋಡ್ತೀನಿ."

ಮನೆಯಲ್ಲಿ ನಾವು ಆಡುವುದು ದಖ್ಖನಿ. ನಾನು ಓದಿದ್ದು ಮರ್ಫಿ ಟೌನಿನ ಕನ್ನಡ ಶಾಲೆಯಲ್ಲಿ, ಹಾಗಾಗಿ ಇಲ್ಲಿ ಎಲ್ಲರ ಮಾತನ್ನೂ ಕನ್ನಡಕ್ಕೆ ತಂದಿದ್ದೇನೆ. ಅಂಗಡಿ ನಮ್ಮ ಯಜಮಾನರಿಗೆ ಬಿಟ್ಟೆ. ಅವರು ಗಿರಾಕಿ ಕೇಳಿದ ಬೆಲೆಗೆಲ್ಲಾ ತಲೆ ಆಡಿಸುವವರು. ಆ ನಷ್ಟವನ್ನು ಮೇಲಿನ ಲೆಕ್ಕದಲ್ಲಿ ಸೇರಿಸಿಲ್ಲ.

ಬಾಲಿ, ಕೆಳಗಿನ ಊರು

ಬಾಲಿ ಅಂದರೆ ಇಂದಿರಾನಗರದ ಹನ್ನೆರಡನೇ ಮೇನ್‌ಗೆ ಗದ್ದೆ ಜೋಡಿಸಿದ ಹಾಗೆ. ಅದೇ ಕಾಫಿ, ಅದೇ ಬಿದಿರಿನ ಕುರ್ಚಿ, ಬಿಳಿ ಗೋಡೆಯ ಮೇಲೆ ಅದೇ ಒಂದು ಎಲೆಯ ಚಿತ್ರ. ನಮ್ಮವರು ಇಂದಿರಾನಗರದಿಂದ ಇಷ್ಟು ದೂರ ಬಂದು ಇಂದಿರಾನಗರದಲ್ಲೇ ಕೂತು ಫೋಟೋ ತೆಗೆದುಕೊಳ್ಳುತ್ತಾರೆ. ಮನೆ ಹತ್ತಿರವೇ ಕೂತಿದ್ದರೆ ಆಟೋದಲ್ಲಿ ಮುಗಿಯುತ್ತಿತ್ತು.

ಅಲ್ಲಿಯ ಜನರನ್ನು ಮಾತ್ರ ನಾನು ಹಗುರ ಮಾಡಲಾರೆ. ಬೆಳಿಗ್ಗೆ ಎದ್ದರೆ ತೆಂಗಿನ ಗರಿಯ ಪುಟ್ಟ ತಟ್ಟೆ ಹೆಣೆದು, ಹೂ ಇಟ್ಟು, ಬಾಗಿಲ ಮುಂದೆ, ಸ್ಕೂಟರಿನ ಸೀಟಿನ ಮೇಲೆ, ಎಟಿಎಂ ಮೆಟ್ಟಿಲ ಮೇಲೆ ಇಡುತ್ತಾರೆ. ನಾನು ಒಂದನ್ನು ತುಳಿದೇಬಿಟ್ಟೆ. ತುಳಿದದ್ದಕ್ಕೆ ಬೈಯಬೇಕಾದ ಹೆಂಗಸು ನನ್ನ ಕಾಲು ಜಾರಿತಾ ಅಂತ ಕೇಳಿ, ನೀರು ತಂದು ಕೊಟ್ಟು, ಇನ್ನೊಂದು ಹೆಣೆಯಲು ಕೂತಳು. ನಮ್ಮಲ್ಲಿ ಅಂಗಡಿ ಮುಂದೆ ಬಿಟ್ಟ ರಂಗೋಲಿ ಮೇಲೆ ಬೈಕ್ ನಿಲ್ಲಿಸಿದವನಿಗೆ ಏನಾಗುತ್ತದೆ ಅಂತ ಹಲಸೂರಿನವರನ್ನು ಕೇಳಿ.

ಚೌಕಾಸಿಯಲ್ಲಿ ಅವರು ನಮಗಿಂತ ಮೆತ್ತಗೆ. ನಾನು ಅರ್ಧಕ್ಕೆ ಕೇಳಿದರೆ ನಗುತ್ತಾರೆ, ನಾನು ಎದ್ದು ಹೊರಟರೆ ಇನ್ನೂ ನಗುತ್ತಾರೆ, ಹಿಂದೆ ಕರೆಯುವುದಿಲ್ಲ. ಎರಡು ಸಲ ನಾನೇ ವಾಪಸ್ ಹೋಗಿ ಹೇಳಿದ ಬೆಲೆ ಕೊಟ್ಟು ಕೊಂಡೆ. ರಸೆಲ್ ಮಾರ್ಕೆಟ್ಟಿನವರಿಗೆ ಈ ವಿಷಯ ಗೊತ್ತಾಗುವುದು ಬೇಡ.

ಬಾಲಿ, ಮೇಲಿನ ಹೊಳೆ

ಸರ್ಕಾರದ ಪರವಾನಗಿಯನ್ನು ಅಲ್ಲಿಯ ಕಾಲೇಜಿನ ಒಬ್ಬ ಮೇಷ್ಟ್ರು ಮಾಡಿಸಿ ಇಟ್ಟಿದ್ದರು. ಹಿಡಿದ ಹುಳಗಳೆಲ್ಲ ಕೊನೆಗೆ ಅವರ ಕಾಲೇಜಿಗೇ ಸೇರಬೇಕು, ಹೊರಗೆ ತರುವ ಹಾಗಿಲ್ಲ. ಅವರ ಸಹಿ ಇಸಿದುಕೊಂಡು ಬೆಟ್ಟ ಹತ್ತಿದೆವು. ಸಬೀಹಾ ಮಂಡಿವರೆಗೆ ರಬ್ಬರ್ ಬೂಟು ಹಾಕಿ ನೀರಿಗಿಳಿದಳು. ನನಗೂ ಒಂದು ಜೊತೆ ತಂದಿದ್ದಳು. ಒಳಗೆ ನೀರು ಹೊಕ್ಕ ಮೇಲೆ ಬೂಟು ಬಕೆಟ್ ಆಗುತ್ತದೆ ಅಂತ ಯಾರೂ ಹೇಳಿರಲಿಲ್ಲ. ನಾನು ಎರಡು ಬಕೆಟ್ ಕಾಲಿಗೆ ಕಟ್ಟಿಕೊಂಡವಳ ಹಾಗೆ ದಡದಲ್ಲಿ ನಿಂತೆ.

ಅವಳ ಕೆಲಸ ಹೀಗಿದೆ. ಹರಿಯುವ ನೀರಿಗೆ ಬಲೆ ಅಡ್ಡ ಹಿಡಿದು, ಅದರ ಮುಂದಿನ ಕಲ್ಲುಗಳನ್ನು ಒಂದೊಂದಾಗಿ ಎತ್ತಿ ಕೈಯಿಂದ ಉಜ್ಜುವುದು. ಉಜ್ಜಿದ್ದೆಲ್ಲ ಬಲೆಗೆ ಬೀಳುತ್ತದೆ. ಅದನ್ನು ಬಿಳಿ ತಟ್ಟೆಗೆ ಸುರಿದು, ಕುಕ್ಕರುಗಾಲಲ್ಲಿ ಕೂತು, ಚಿಮಟದಿಂದ ಆರಿಸುವುದು. ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ. ಅಕ್ಕಿಯಾದರೆ ಕೊನೆಗೆ ಅನ್ನ ಆಗುತ್ತದೆ.

"ನೋಡಮ್ಮೀ" ಅಂತ ಒಂದು ಕಲ್ಲು ಎತ್ತಿ ತಿರುಗಿಸಿದಳು. ಏನೂ ಕಾಣಲಿಲ್ಲ. ಆಮೇಲೆ ಕಲ್ಲಿನ ಒಂದು ಚೂರು ಪಕ್ಕಕ್ಕೆ ಸರಿಯಿತು. ಚಪ್ಪಟೆ ಮೈ, ತಲೆಯ ಮೇಲೆ ಎರಡು ಕಣ್ಣು, ಏಡಿಯ ಹಾಗೆ ಅಗಲಿಸಿದ ಕಾಲುಗಳು, ಕೂದಲಿನಂಥ ಬಾಲ. ಅಷ್ಟು ರಭಸದ ನೀರಿನಲ್ಲೂ ಕದಲದೆ ಕಲ್ಲನ್ನು ತಬ್ಬಿಕೊಂಡಿತ್ತು.

"ಇದು ಬೆಳೆದು ರೆಕ್ಕೆ ಬಂದ ಮೇಲೆ ಒಂದೆರಡು ದಿನ ಬದುಕಿದ್ರೆ ಹೆಚ್ಚು. ಆಗ ಅದಕ್ಕೆ ತಿನ್ನೋಕೆ ಬಾಯೂ ಇರಲ್ಲ. ಹಾರೋದೂ ಹೊಳೆ ಮೇಲೇ. ಉಪ್ಪು ನೀರಿಗೆ ಬಿದ್ರೆ ಮುಗೀತು. ಸಮುದ್ರ ದಾಟೋದು ಎಲ್ಲಿಂದ?"

"ಹಾಗಾದ್ರೆ ಆ ಕಡೆ ಇಲ್ಲ ಅಂತ ಇಲ್ಲೇ ಕೂತು ಬರೆದುಬಿಡು. ಹಡಗಿನ ದುಡ್ಡು ಉಳಿಯುತ್ತೆ."

"ದಾಟಕ್ಕಾಗಲ್ಲ ಅಂತ ನಾನು ಅಂದ್ಕೊಂಡಿರೋದು. ದಾಟಿದೆಯೋ ಇಲ್ವೋ ಅಂತ ಹೋಗಿ ನೋಡ್ಬೇಕು."

ಅವಳು ಕೆಲವು ಚಪಾತಿ ಹುಳಗಳನ್ನು ಸ್ಪಿರಿಟ್ ತುಂಬಿದ ಸೀಸೆಗಳಲ್ಲಿ ಹಾಕಿ ಚೀಟಿ ಅಂಟಿಸಿದಳು. ಲೆಕ್ಕಕ್ಕೆ ಬೇಡದ ಕೆಲವನ್ನು ಒಂದು ಚಿಕ್ಕ ಸೀಸೆಯಲ್ಲಿ ಹಾಕಿ, "ಇದು ನಿನಗೆ, ಅಲ್ಲಿ ಹುಡುಕುವಾಗ ಗುರುತಿಗೆ" ಅಂತ ಕೊಟ್ಟಳು. ಪರ್ಸಿಗೆ ಹಾಕಿಕೊಂಡೆ.

ಹಡಗಿನ ಮೇಲೆ

ಬಾಲಿಯ ಪದಂಗ್‌ಬಾಯ್ ಬಂದರಿನಿಂದ ಲೊಂಬೊಕ್‌ಗೆ ದೊಡ್ಡ ಹಡಗು. ಲಾರಿ, ಬೈಕು, ಕೋಳಿ, ಮನುಷ್ಯರು, ಎಲ್ಲಾ ಒಂದೇ ಹೊಟ್ಟೆಯಲ್ಲಿ. ಕೆಆರ್ ಪುರಂ ಸಂತೆಯ ದಿನದ ಬಸ್ಸಿಗೆ ಸಮುದ್ರ ಕೊಟ್ಟ ಹಾಗೆ. ಮೇಲಿನ ಅಟ್ಟದಲ್ಲಿ ಒಬ್ಬ ಹುಡುಗ ಫೋನನ್ನು ಕೋಲಿಗೆ ಸಿಕ್ಕಿಸಿ ಕನ್ನಡದಲ್ಲಿ ಮಾತಾಡುತ್ತಿದ್ದ. ಹೊರದೇಶದಲ್ಲಿ ಕನ್ನಡ ಕೇಳಿ ನನ್ನ ಎದೆ ಅರಳಿತು. ಅವನು ಏನು ಹೇಳುತ್ತಿದ್ದಾನೆ ಅಂತ ಕಿವಿಗೊಟ್ಟ ಮೇಲೆ ಮುದುಡಿತು.

"ನೋಡಿ ಗುರು, ನನ್ ಹಿಂದೆ ಹಿಂದೂ ಐಲ್ಯಾಂಡ್, ಮುಂದೆ ಮುಸ್ಲಿಂ ಐಲ್ಯಾಂಡ್. ಪ್ರಾಣಿಗಳೂ ಅಷ್ಟೇ, ಆ ಕಡೇದು ಬೇರೆ, ಈ ಕಡೇದು ಬೇರೆ. ನೇಚರೇ ಗೆರೆ ಎಳ್ದುಬಿಟ್ಟಿದೆ."

ನನ್ನ ತಲೆಯ ಮೇಲಿನ ದುಪಟ್ಟಾ ನೋಡಿ ಸ್ವಲ್ಪ ತಡವರಿಸಿದ. "ಬೆಂಗಳೂರಾ ಆಂಟಿ?"

"ಫ್ರೇಜರ್ ಟೌನು. ನೀನೆಲ್ಲಪ್ಪ?"

"ಇಂದಿರಾನಗರ."

"ಅಂದ್ಕೊಂಡೆ. ಅಲ್ಲಿ ನೋಡು, ತಲೆಗೆ ರುಮಾಲು ಕಟ್ಟಿರೋ ಮನೆಯವರು. ಬಾಲಿ ಹಿಂದೂಗಳು. ಲೊಂಬೊಕ್‌ನಲ್ಲಿ ಅವರ ಅಜ್ಜನ ಕಾಲದಿಂದ ಮನೆ ಇದೆಯಂತೆ, ದೇವಸ್ಥಾನ ಇದೆಯಂತೆ. ಈ ಕಡೆ ಟೋಪಿ ಹಾಕ್ಕೊಂಡಿರೋರು ಹುಟ್ಟಿದ್ದು ಬಾಲೀಲಿ. ನಾನು ಈಗ ತಾನೇ ಮಗಳ ಜೊತೆ ಹೋಗಿ ಮಾತಾಡಿಸಿ ಬಂದೆ. ಮನುಷ್ಯನಿಗೆ ಗೆರೆ ದಾಟೋಕೆ ಒಂದು ಟಿಕೆಟ್ ಸಾಕು. ಟಿಕೆಟ್ ತಗೊಳ್ಳೋಕೆ ಆಗದೆ ಇರೋದು ಹುಳಕ್ಕೆ."

"ಸೂಪರ್ ಆಂಟಿ. ಇನ್ನೊಂದ್ಸಲ ಹೇಳ್ತೀರಾ? ರೆಕಾರ್ಡ್ ಮಾಡ್ಕೋತೀನಿ."

"ಮೊದಲು ನೀನು ಹೇಳಿದ್ದನ್ನ ಅಳಿಸು, ಆಮೇಲೆ ಹೇಳ್ತೀನಿ."

ಅವನು ಅಳಿಸಿದನೋ ಇಲ್ಲವೋ ಗೊತ್ತಿಲ್ಲ. ನಾನು ಎರಡನೇ ಸಲ ಹೇಳಲಿಲ್ಲ.

ಸಬೀಹಾ ನಗುತ್ತಾ ಕಂಬಿ ಹಿಡಿದು ನಿಂತಿದ್ದಳು. ಹಿಂದೆ ಯಾವಾಗಲೋ ಸಮುದ್ರ ಇಳಿದಾಗ ಬಾಲಿ ಏಷ್ಯಾದ ನೆಲಕ್ಕೆ ಸೇರಿಕೊಂಡಿತ್ತಂತೆ. ನಾವು ದಾಟುತ್ತಿದ್ದ ಈ ಜಾಗ ಮಾತ್ರ ಬಲು ಆಳ, ಆಗಲೂ ನೀರು ಬತ್ತಲಿಲ್ಲವಂತೆ. ಒಂದು ಏರೋಪ್ಲೇನ್ ಚಿಟ್ಟೆ ಅಲೆಗಳ ಮೇಲೆ ನಮ್ಮ ಜೊತೆಗೇ ಬರುತ್ತಿತ್ತು. ತೋರಿಸಿದೆ.

"ಅದಕ್ಕೆ ಇದು ಗಡಿಯೇ ಅಲ್ಲಮ್ಮೀ. ಗಾಳಿ ಸಿಕ್ಕರೆ ಹೋಗುತ್ತೆ. ಒಂದೊಂದು ಹುಳಕ್ಕೆ ಒಂದೊಂದು ಗಡಿ. ಒಂದೇ ಗೆರೆ ಎಳೆದು ಕೂತವರಿಗೆ ಅದು ಕಾಣಲ್ಲ."

ಇದು ನನಗೆ ತಟ್ಟನೆ ಅರ್ಥವಾಯಿತು, ಪುಸ್ತಕ ಓದಿ ಅಲ್ಲ. ನಮ್ಮ ಕಡೆ ಸೊಳ್ಳೆ ಎಲ್ಲಾ ಒಂದೇ, ಪರದೆ ಬೇರೆ. ಫ್ರೇಜರ್ ಟೌನಿನವರು ಡಬಲ್ ಮಂಚಕ್ಕೆ ಬಿಳಿ ಜರಿ ಅಂಚಿನದು ಕೇಳುತ್ತಾರೆ. ಹಲಸೂರು ದಾಟಿ ಕೆಆರ್ ಪುರಂ ಕಡೆ ಹೋದರೆ ಕಲಬುರಗಿ, ಯಾದಗಿರಿಯಿಂದ ಬಂದ ಮನೆಯವರು ಬಾಡಿಗೆ ಕೋಣೆಗೆ ನೀಲಿ ನೈಲಾನ್ ಸಿಂಗಲ್ ಒಯ್ಯುತ್ತಾರೆ, ಅದರಲ್ಲೇ ಮೂವರು ಮಲಗುತ್ತಾರೆ. ಇಂದಿರಾನಗರದಲ್ಲಿ ಪರದೆಯೇ ಬೇಡ, ಕಿಟಕಿಗೆ ಜಾಲರಿ ಸಾಕು. ಎಲ್ಲಿ ಯಾವ ಪರದೆ ಮಾರಾಟವಾಗುವುದು ನಿಂತಿತು ಅಂತ ನೋಡಿದರೆ ನಾನು ಕಣ್ಣು ಮುಚ್ಚಿ ಗಡಿ ಹೇಳುತ್ತೇನೆ. ಕಾರಿನಲ್ಲಿ ಓಡಾಡುವವರಿಗೆ ಆ ಗಡಿ ಇರುವುದೇ ತಿಳಿಯದು. ಆ ಕೋಣೆಯ ಹೆಂಗಸರಿಗೆ ಅಪಾರ್ಟ್‌ಮೆಂಟಿನ ಪ್ರತಿ ಗೇಟೂ ಒಂದು ಸಮುದ್ರ.

ಲೊಂಬೊಕ್, ಪಾಕ್ ಸಹ್ರಿಯ ಮನೆ

ಬೆಂಕಿ ಪರ್ವತದ ತಪ್ಪಲಿನ ಒಂದು ಹಳ್ಳಿಯಲ್ಲಿ ಉಳಿದೆವು. ಮನೆಯ ಯಜಮಾನ ಸಹ್ರಿ, ನನ್ನ ವಯಸ್ಸಿನವರು, ಗದ್ದೆ ಇದೆ, ಝರಿಗಳ ದಾರಿ ಗೊತ್ತು. ಅಲ್ಲಿ ಹಿರಿಯರನ್ನು ಪಾಕ್ ಅನ್ನುತ್ತಾರೆ, ನಮ್ಮ ಅಪ್ಪಾಜಿ ಅಂದ ಹಾಗೆ. ನನ್ನನ್ನು ಇಬು ಅಂದರು, ಅಂದರೆ ಅಮ್ಮ. ಮನೆ ಮುಂದೆ ಗೋಡೆ ಇಲ್ಲದ, ಹುಲ್ಲು ಹೊದಿಸಿದ ಕಟ್ಟೆ. ಬಂದವರಿಗೆಲ್ಲ ಅಲ್ಲೇ ಕೂರಿಸಿ, ತಳದಲ್ಲಿ ಪುಡಿ ನಿಂತ ಕಾಫಿ ಕೊಡುತ್ತಾರೆ. ಊಟದಲ್ಲಿ ಸುಟ್ಟ ಕೋಳಿ, ಅದರ ಖಾರಕ್ಕೆ ನಮ್ಮ ಫ್ರೇಜರ್ ಟೌನಿನ ಮಾಸ್ಕ್ ರೋಡಿನಲ್ಲಿ ರಂಜಾನ್‌ಗೆ ಹಾಕುವ ತಿಂಡಿ ಅಂಗಡಿಗಳೆಲ್ಲ ಸಲಾಂ ಹೊಡೆಯಬೇಕು. ಐದು ಹೊತ್ತು ಅಜಾನ್ ಕೇಳಿಸುತ್ತಿತ್ತು. ಮನೆಯಲ್ಲೇ ಇದ್ದ ಹಾಗೆ ಅನ್ನಿಸಬೇಕಿತ್ತು, ಅನ್ನಿಸಲಿಲ್ಲ. ಯಾಕೆಂದರೆ ಅಲ್ಲಿ ಯಾರೂ ಜಗಳ ಆಡುತ್ತಿರಲಿಲ್ಲ.

ಭಾಷೆಗೆ ಸಬೀಹಾಳ ಅರೆಬರೆ ಇಂಡೋನೇಷ್ಯನ್ ಇತ್ತು. ನನಗೆ ಅದೂ ಬೇಕಾಗಲಿಲ್ಲ ಅನ್ನಿ. ನಮ್ಮ ದಖ್ಖನಿಯ ಹಾಗೇ ಕುರ್ಚಿಗೆ ಕುರ್ಸಿ, ಸಾಬೂನಿಗೆ ಸಾಬುನ್, ಸುದ್ದಿಗೆ ಕಬರ್. ಉಳಿದದ್ದಕ್ಕೆ ಕೈ ಇದೆ.

ನಾನು ತಪ್ಪು ಮಾಡಿದ್ದು ಇಲ್ಲಿ. ಪಾಕ್ ಸಹ್ರಿಯನ್ನು ಸಬೀಹಾ ದಾರಿ ತೋರಿಸಲು ಅಂತ ಮಾತ್ರ ಗೊತ್ತು ಮಾಡಿದ್ದಳು. ನನಗೆ ಸಮಾಧಾನವಾಗಲಿಲ್ಲ. ನಮ್ಮ ಕಸುಬಿನಲ್ಲಿ ಹೊಲಿಗೆಯವರ ಕೈಗೆ ಒಂದು ಸ್ಯಾಂಪಲ್ ಕೊಟ್ಟು, "ಇಂಥದ್ದೇ ಬೇಕು, ಪೀಸಿಗೆ ಇಷ್ಟು" ಅಂದರೆ ಮುಗಿಯಿತು. ಮೇಲ್ವಿಚಾರಣೆ ಬೇಡ, ಕೆಲಸ ತಾನಾಗಿ ಆಗುತ್ತದೆ. ಅದೇ ರೀತಿ ನನ್ನ ಪರ್ಸಿನ ಸೀಸೆಯನ್ನು ಪಾಕ್ ಸಹ್ರಿಗೆ ಕೊಟ್ಟು, ಸಬೀಹಾ ಸ್ನಾನಕ್ಕೆ ಹೋಗಿದ್ದಾಗ ಬೆರಳು ಮಡಚಿ ರೇಟು ಹೇಳಿದೆ. ಖಾಲಿ ಸೀಸೆ, ಸ್ಪಿರಿಟ್ಟೂ ಕೊಟ್ಟೆ. ನಾವು ಒಂದು ಝರಿಯಲ್ಲಿ ಉಜ್ಜುವಾಗ ಅವರು ಇನ್ನೊಂದರಲ್ಲಿ ಉಜ್ಜಲಿ, ಎರಡು ಪಟ್ಟು ಕೆಲಸ. ಬುದ್ಧಿವಂತಿಕೆ ಅಂದುಕೊಂಡೆ. ಸಬೀಹಾ ಕೇಳಿ ಮುಖ ಸಿಂಡರಿಸಿದಳು, ಆದರೆ ಒಪ್ಪಿದ ಮಾತು ಅಂತ ಸುಮ್ಮನಾದಳು.

ಆ ಊರಿನವರಿಗೆ ಒಂದು ಅಭ್ಯಾಸ ಇದೆ. ಇಲ್ಲ ಅಂತ ಬಾಯಿಬಿಟ್ಟು ಹೇಳುವುದಿಲ್ಲ, ಅದು ಒರಟು. ಬೆಲೂಮ್ ಅನ್ನುತ್ತಾರೆ, ಅಂದರೆ ಇನ್ನೂ ಇಲ್ಲ. ಮದುವೆಯಾಯಿತಾ ಅಂದರೆ ಎಪ್ಪತ್ತು ದಾಟಿದ ಅವಿವಾಹಿತನೂ ಬೆಲೂಮ್ ಅನ್ನುತ್ತಾನೆ. ಸಂಜೆ ಸಂಜೆ ಕಟ್ಟೆಯ ಮೇಲೆ ಕೂತು ನಾನು ಕೇಳುತ್ತಿದ್ದೆ, ಹುಳ ಸಿಕ್ಕಿತಾ? ಅವರು ನನ್ನ ಮುಖ ನೋಡಿ, ತಲೆ ತಗ್ಗಿಸಿ ಬೆಲೂಮ್ ಅನ್ನುತ್ತಿದ್ದರು. ಸಬೀಹಾಳ ತಟ್ಟೆಯಲ್ಲೂ ಇಲ್ಲ. ಬೇರೆ ಹುಳಗಳು ರಾಶಿ ರಾಶಿ, ಚಪಾತಿ ಹುಳ ಇಲ್ಲ. ಅವಳ ಮುಖ ದಿನೇ ದಿನೇ ಗೆಲುವಾಗುತ್ತಿತ್ತು. ಬರಿಗೈಲಿ ಬಂದು ಖುಷಿಪಡುವ ವ್ಯಾಪಾರ ನಾನು ಜನ್ಮದಲ್ಲಿ ನೋಡಿರಲಿಲ್ಲ. ನನ್ನ ಮುಖದಲ್ಲಿ ಮಾತ್ರ ಖರ್ಚಿನ ಚಿಂತೆಯೇ ಇದ್ದಿರಬೇಕು.

ಸಿಕ್ಕ ದಿನ

ಒಂದು ಸಂಜೆ ಪಾಕ್ ಸಹ್ರಿ ಬೆಲೂಮ್ ಅನ್ನಲಿಲ್ಲ. ಸೀಸೆ ಮುಂದೆ ಇಟ್ಟರು. ಒಳಗೆ ಒಂದು ಚಪಾತಿ ಹುಳ.

ಸಬೀಹಾ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದಳು. "ಅದೇ" ಅಂದಳು. ಗೆರೆ ದಾಟಿಬಿಟ್ಟಿದೆ. ಅಂದರೆ ಥೀಸಿಸ್‌ನ ಬೆನ್ನುಮೂಳೆ ಮುರಿದ ಹಾಗೆ.

ಗೈಡ್ ಸರ್‌ಗೆ ಫೋನ್ ಮಾಡಿದಳು. ಅವರು ಬೇಜಾರಾಗುತ್ತಾರೆ ಅಂದುಕೊಂಡಿದ್ದೆ. ಸ್ಪೀಕರಿನಲ್ಲಿ ಅವರ ದನಿ ಕುಣಿಯುತ್ತಿತ್ತು. "ಇದು ಇನ್ನೂ ಒಳ್ಳೇದಮ್ಮ. ಗೆರೆ ದಾಟಿದ ಮೊದಲ ದಾಖಲೆ. ದೊಡ್ಡ ಪೇಪರ್ ಆಗುತ್ತೆ. ಫೋಟೋ ಕಳಿಸು, ಬೇರೆ ಯಾರಾದ್ರೂ ಬರೆಯೋಕೆ ಮುಂಚೆ ನಾವು ಬರೀಬೇಕು."

ನಿನ್ನೆಯವರೆಗೆ ಇಲ್ಲ ಅಂತ ಬರೆಯಲು ಸಿದ್ಧವಾಗಿದ್ದವರು ಇಂದು ಇದೆ ಅಂತ ಬರೆಯಲು ಸಿದ್ಧ. ನಮ್ಮ ಬೀದಿಯಲ್ಲಿ ಬೆಳಿಗ್ಗೆ ಕೊಡೆ, ಮಧ್ಯಾಹ್ನ ಕೂಲಿಂಗ್ ಗ್ಲಾಸ್ ಮಾರುವವರಿದ್ದಾರೆ. ಅವರಾದರೂ ಆಕಾಶ ನೋಡಿ ಬದಲಾಯಿಸುತ್ತಾರೆ.

ಫೋನ್ ಇಟ್ಟ ಮೇಲೆ ಸಬೀಹಾ ನನ್ನನ್ನು ಕೇಳಿದಳು. "ಅಮ್ಮೀ, ಅವರಿಗೆ ಕೊಟ್ಟ ಸೀಸೇಲಿ ಎಷ್ಟು ಹುಳ ಇತ್ತು?"

ಪರದೆ ಅಂಚಿನ ಲೇಸ್ ಒಂದು ಗೇಣು ಕಡಿಮೆ ಬಂದರೆ ಕಂಡುಹಿಡಿಯುವವಳು ನಾನು. "ಎಣಿಸಲಿಲ್ಲ" ಅಂದೆ.

ಅವಳು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

"ಸ್ಯಾಂಪಲ್ಲನ್ನೇ ತಿರುಗಿಸಿ ಕೊಟ್ಟಿದ್ದಾರೆ, ಬಿಸಾಕು ಅದನ್ನ" ಅಂದೆ.

"ಇರಬಹುದು. ಆದ್ರೆ ನನಗೆ ಅದು ಬೇಡದ ಹುಳ. ಬೇಡ ಅನ್ನೋ ಕಾರಣಕ್ಕೆ ಬಿಸಾಕಿದ್ರೆ ನಾನೂ ಅವರೂ ಒಂದೇ" ಅಂತ ಫೋನಿನ ಕಡೆ ಕಣ್ಣು ಹಾಯಿಸಿದಳು.

ಯಾವ ಕಲ್ಲು

ಬೆಳಿಗ್ಗೆ ಪಾಕ್ ಸಹ್ರಿಯ ಹಿಂದೆ ಆ ಝರಿಗೆ ಹೊರಟೆವು. ಕಡಿದಾದ ಏರು. ನನ್ನ ಒಂದು ಚಪ್ಪಲಿ ಕೆಸರಿನಲ್ಲಿ ಉಳಿಯಿತು, ಅದು ಈಗಲೂ ಅಲ್ಲೇ ಇದೆ. ನೀರಿನ ಹತ್ತಿರ ಬಂದು ಅವರು ನಿಂತರು.

"ಯಾವ ಕಲ್ಲು?" ಅಂತ ಸಬೀಹಾ ಕೇಳಿದಳು.

ಅವರು ಹೆಬ್ಬೆರಳಿನಿಂದ ಇಡೀ ಝರಿಯನ್ನು ತೋರಿಸಿದರು. ಮಾಲು ಎಲ್ಲಿಂದ ಬಂತು ಅಂತ ಕೇಳಿದಾಗ ಕೈ ಹೀಗೆ ಅಗಲವಾಗಿ ತಿರುಗಿದರೆ ಏನರ್ಥ ಅಂತ ನನಗೆ ಗೊತ್ತು. ಹೊಲಿಗೆಯವರು ನನ್ನದೇ ಹಳೇ ಪೀಸನ್ನು ಒಗೆದು ಇಸ್ತ್ರಿ ಮಾಡಿ ಹೊಸದು ಅಂತ ಕೊಟ್ಟದ್ದು ಉಂಟು. ಅಂಥವರ ಮೇಲೆ ನಾನು ಕೂಗಾಡುತ್ತೇನೆ. ಅಲ್ಲಿ ಕೂಗಾಡಿದ್ದರೆ ಅವರು ಇನ್ನಷ್ಟು ವಿನಯವಾಗಿ ಇನ್ನೊಂದು ಹುಳ ತರುತ್ತಿದ್ದರು, ಅಷ್ಟೆ.

ಒಂದು ಬಂಡೆಯ ಮೇಲೆ ಕೂತು ಸಬೀಹಾಗೆ ಹೇಳಿದೆ. "ಇವರಿಗೆ ತಿಳಿಸು. ಪೀಸ್ ರೇಟ್ ಇವತ್ತಿಂದ ಇಲ್ಲ. ನಾವು ಇರೋವರೆಗೂ ದಿನಗೂಲಿ, ಹುಳ ಸಿಕ್ಕರೂ ಅಷ್ಟೇ, ಸಿಗದಿದ್ರೂ ಅಷ್ಟೇ. ನಿನ್ನೆಯದಕ್ಕೆ ಕೊಟ್ಟದ್ದು ಅವರದೇ, ವಾಪಸ್ ಕೇಳಲ್ಲ. ನಮಗೆ ಬೇಕಾಗಿರೋದು ಹುಳ ಅಲ್ಲ. ಇದೆಯೋ ಇಲ್ಲವೋ ಅನ್ನೋದು."

ಅವಳು ಹೇಳಿದಳು. ಕೊನೆಯ ಮಾತನ್ನು ಎರಡು ಸಲ ಹೇಳಬೇಕಾಯಿತು. ಅವರಿಗೆ ನಂಬಿಕೆ ಬರಲಿಲ್ಲ, ಯಾರಿಗೆ ಬರುತ್ತದೆ. ನೀರಿಗೆ ಇಳಿದು ಕೈಕಾಲು ತೊಳೆದರು. ಆಮೇಲೆ ಕುಕ್ಕರಿಸಿ ಕೂತು, ನನ್ನ ಕಡೆ ನೋಡದೆ, ಮೆಲ್ಲಗೆ ಮಾತಾಡಿದರು. ಸಬೀಹಾ ಒಂದೊಂದೇ ಸಾಲು ಹೇಳುತ್ತಾ ಹೋದಳು.

"ದಿನಾ ಸಂಜೆ ಇಬು ಕೇಳ್ತಿದ್ರು. ಬೆಲೂಮ್ ಅಂದಾಗ ಅವರ ಮುಖ ಬಾಡ್ತಿತ್ತು. ಅಷ್ಟು ದೂರದಿಂದ ಬಂದವರು. ಏನೋ ಕಳಕೊಂಡದ್ದನ್ನ ಹುಡುಕ್ತಿದ್ದಾರೆ ಅಂದ್ಕೊಂಡೆ. ನಮ್ಮ ಊರಿಂದ ಬರಿಗೈಲಿ ಕಳಿಸೋದು ಹೇಗೆ? ಇಬು ಕೊಟ್ಟ ಸೀಸೇಲಿ ಒಂದಷ್ಟು ಇತ್ತು. ಅದರಲ್ಲಿ ಒಂದನ್ನ ತೆಗೆದಿಟ್ಟೆ."

ದುಡ್ಡಿನ ಆಸೆಯೂ ಇದ್ದಿರಬೇಕು, ಇರಬಾರದೇಕೆ, ಗದ್ದೆ ಕೆಲಸ ಬಿಟ್ಟು ಬಂದಿದ್ದರು. ಆದರೆ ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಸಿಕ್ಕರೆ ದುಡ್ಡು ಅಂದವಳು ನಾನು. ಸಿಗದಿದ್ದರೆ ಮುಖ ಗಂಟು ಹಾಕಿದವಳೂ ನಾನು. ಪಾಪ, ಅವರು ಎರಡೂ ಆರ್ಡರು ಪೂರೈಸಿದ್ದರು.

ಸಂಜೆ ಸಬೀಹಾ ಗೈಡ್ ಸರ್‌ಗೆ ವಿಷಯ ತಿಳಿಸಿದಳು. ಅವರು ಅಂದರು, "ಈಗ ಹೇಳ್ತಿರೋದೂ ನಿಮ್ಮನ್ನ ಮೆಚ್ಚಿಸೋಕೆ ಇರಬಹುದಲ್ಲ? ಯಾರು ನೋಡಿದ್ದಾರೆ? ಯೋಚನೆ ಮಾಡು, ಒಂದು ಒಳ್ಳೆ ಪೇಪರ್ ಕೈಬಿಟ್ಟು ಹೋಗುತ್ತೆ."

ಆ ಮನುಷ್ಯನ ಬಾಯಿಂದ ಬಂದ ಒಂದೇ ಬುದ್ಧಿವಂತಿಕೆಯ ಮಾತು ಅದು, ಅದನ್ನೂ ತಪ್ಪು ಕೆಲಸಕ್ಕೆ ಬಳಸಿದರು.

"ಇರಬಹುದು ಸರ್" ಅಂದಳು ಸಬೀಹಾ. "ಅದಕ್ಕೇ ಅವರ ಮಾತಿನ ಮೇಲೂ ಬರೆಯಲ್ಲ, ಆ ಹುಳದ ಮೇಲೂ ಬರೆಯಲ್ಲ. ಉಳಿದ ದಿನ ಆ ಝರೀನೇ ನೋಡ್ತೀನಿ. ಪೇಪರ್ ಹೋದ್ರೆ ಹೋಗ್ಲಿ."

ನೋಡಿದೆವು. ನಾನೂ ಬಕೆಟ್ ಬೂಟು ಬಿಟ್ಟು ಬರಿಗಾಲಲ್ಲಿ ಇಳಿದೆ. ಝರಿ ಹೊಳೆಗೆ ಸೇರುವಲ್ಲಿಂದ ಅದರ ಬುಗ್ಗೆಯವರೆಗೆ ಕಲ್ಲು ಎತ್ತಿದೆವು, ಉಜ್ಜಿದೆವು, ಇಟ್ಟೆವು. ಪಾಕ್ ಸಹ್ರಿ ದಿನಗೂಲಿಯಾದ ಮೇಲೆ ಬೇರೆಯೇ ಮನುಷ್ಯ. ಯಾವ ಕಲ್ಲು ನೋಡಿಲ್ಲ ಅಂತ ಅವರೇ ನೆನಪಿಸುತ್ತಿದ್ದರು. ಒಂದು ಮಧ್ಯಾಹ್ನ ತಟ್ಟೆಯನ್ನು ನನ್ನ ಮುಂದೆ ಹಿಡಿದು, ನೇರ ನನ್ನ ಕಣ್ಣು ನೋಡಿ, ಮೊದಲ ಸಲ ಒರಟಾಗಿ ಹೇಳಿದರು: "ಇಲ್ಲ, ಇಬು." ಅತಿಥಿಗೆ ಆ ಮಾತು ಹೇಳುವುದು ಅವರಿಗೆ ಎಷ್ಟು ಕಷ್ಟ ಅಂತ ಅಷ್ಟರಲ್ಲಿ ತಿಳಿದಿತ್ತು. ನಾನು ಅವರ ಬೆನ್ನು ತಟ್ಟುವ ಹಾಗಿಲ್ಲ, ಕೈ ಎತ್ತಿ ಸಲಾಂ ಮಾಡಿದೆ.

ಪುಲಿಕೇಶಿನಗರ, ಬಂದ ಮೇಲೆ

ಥೀಸಿಸ್‌ನಲ್ಲಿ ಅವಳು ಇಲ್ಲ ಅಂತ ಬರೆಯಲಿಲ್ಲ. ಎಲ್ಲೆಲ್ಲಿ, ಹೇಗೆ ನೋಡಿದೆವು ಅಂತ ಬರೆದು, ಇದುವರೆಗೆ ಸಿಕ್ಕಿಲ್ಲ ಅಂತ ಬರೆದಳು. ಆ ಒಂದು ಹುಳದ ಕತೆಯನ್ನೂ ಮುಚ್ಚಿಡಲಿಲ್ಲ. "ಸಂಶೋಧಕಿಯ ತಾಯಿ ಎಣಿಸದೆ ಕೊಟ್ಟ ಮಾದರಿಯಿಂದ ಬಂದಿರುವ ಸಂಭವವಿದೆ" ಅಂತ ಇಂಗ್ಲಿಷಿನಲ್ಲಿ ಅಚ್ಚಾಗಿದೆ. ನಮ್ಮ ಮನೆತನದಲ್ಲಿ ಪುಸ್ತಕದಲ್ಲಿ ಬಂದವಳು ನಾನೇ ಮೊದಲು, ಬಂದದ್ದು ಹೀಗೆ. ಮೊದಲು ಪ್ರಶ್ನೆ ಕೇಳಿದ್ದ ಮೇಡಂ ವೈವಾದಲ್ಲಿ ಆ ಪುಟವನ್ನೇ ತೆಗೆದು, ಉಳಿದ ಪುಟಗಳನ್ನು ನಂಬಲು ಇದೊಂದು ಸಾಕು ಅಂದರಂತೆ. ಮಗಳು ಪಾಸಾದಳು. ಗೈಡ್ ಸರ್ ಮನೆಗೆ ಬಂದು ಬಿರಿಯಾನಿ ತಿಂದು, ಆ ಪುಟ ಬರೆಯಲು ತಾವೇ ಹೇಳಿದ್ದು ಅಂತ ನಮ್ಮ ಯಜಮಾನರಿಗೆ ಹೇಳಿ ಹೋದರು. ಯಜಮಾನರು ತಲೆ ಆಡಿಸಿದರು.

ನೀವೂ ಹೋಗುವುದಾದರೆ ಕೇಳಿ. ರಬ್ಬರ್ ಬೂಟು ಒಯ್ಯಬೇಡಿ, ಪಟ್ಟಿ ಇರುವ ಚಪ್ಪಲಿ ಒಯ್ಯಿರಿ, ಕಾಲಿಗೆ ಬಿಗಿಯಾಗಿ ಕಟ್ಟಿಕೊಳ್ಳಿ. ಬಾಲಿಯಲ್ಲಿ ನೆಲ ನೋಡಿಕೊಂಡು ನಡೆಯಿರಿ. ಎದ್ದು ಹೊರಟ ಮೇಲೆ ಹಿಂದೆ ಕರೆಯುತ್ತಾರೆ ಅಂತ ನಂಬಬೇಡಿ. ಲೊಂಬೊಕ್‌ನಲ್ಲಿ ದಾರಿ ಕೇಳುವಾಗ "ಇದೇ ದಾರಿನಾ" ಅಂತ ಕೇಳಬೇಡಿ, ಹೌದು ಅಂತಲೇ ಬರುತ್ತದೆ. "ಯಾವ ದಾರಿ" ಅಂತ ಕೇಳಿ. ಹಸಿಮೆಣಸಿನ ಚಟ್ನಿಯನ್ನು ಮೊದಲು ಬೆರಳ ತುದಿಯಲ್ಲಿ ನೋಡಿ.

ಇನ್ನು ಯಾರನ್ನಾದರೂ ಏನಾದರೂ ನೋಡಿಕೊಂಡು ಬಾ ಅಂತ ಕಳಿಸುವುದಿದ್ದರೆ, ಅದು ಹೊಳೆಯ ಹುಳವೇ ಆಗಲಿ, ಕೊಳ್ಳುವ ಮನೆಯ ಬಿರುಕಾಗಲಿ, ಮಗಳಿಗೆ ನೋಡಿದ ಗಂಡಾಗಲಿ, ಸಿಕ್ಕರೆ ಇಷ್ಟು ಅಂತ ಹೇಳಬೇಡಿ. ಪರದೆ ಬೇಕಾದರೆ ಪೀಸ್ ರೇಟ್ ಕೊಡಿ, ನಿಜ ಬೇಕಾದರೆ ದಿನಗೂಲಿ ಕೊಡಿ. ಮೊದಲೇ ಹೇಳಿ, ಮುಖ ಸಡಿಲವಾಗಿಟ್ಟುಕೊಳ್ಳಿ. ಸಂಜೆ ಲೆಕ್ಕ ಚುಕ್ತಾ ಮಾಡುವಾಗ, ಬರಿಗೈಲಿ ಬಂದವರಿಗೆ ಮೊದಲು ಕೊಡಿ.